ಬಾವುಟ ಇಳಿಸಿದ್ದು ನಾನು

7 ಡಿಸೆಂಬರ್ 2025, ಭಾನುವಾರ
ತುಮಕೂರು, ರಾತ್ರಿ 11.40

ಸ್ವೆಟರ್ ಇನ್ನೂ ಹೊಗೆ ವಾಸನೆ ಹೊಡೆಯುತ್ತಿದೆ. ಈಗ ತಾನೇ ಬಕೆಟ್‌ಗೆ ಹಾಕಿ ಬಂದೆ. ಅಪ್ಪ ಹಾಲ್‌ನಲ್ಲಿ ಮಲಗಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ. ಮಧ್ಯಾಹ್ನದ್ದು ಬರೆದುಬಿಟ್ಟರೆ ಬರಬಹುದು.

ಚಿನ್ನಿಗೆ ಇವತ್ತಿಗೆ 12 ತುಂಬಿತು. ಮನೆಯಲ್ಲಿ ಕೇಕ್ ಬೇಡ, ಬಾರ್ಬೆಕ್ಯೂಗೆ ಹೋಗೋಣ ಅಂತ ಒಂದು ತಿಂಗಳಿಂದ ಹಠ. ಅಪ್ಪ ಹೇಗೂ ಆಸ್ಪತ್ರೆಗೆ ತೋರಿಸಲು ಶುಕ್ರವಾರ ಬಂದಿದ್ದರು. ಅವರನ್ನೂ ಕರೆದುಕೊಂಡು ಹೋದೆವು. ಅಮ್ಮ ಬರಲಿಲ್ಲ. ಎರಡು ಹಸು ಕಟ್ಟಿಕೊಂಡ ಮೇಲೆ ಅಮ್ಮ ತುರುವೇಕೆರೆ ದಾಟಿದ್ದೇ ಕಡಿಮೆ.

ಬಾಗಿಲಲ್ಲೇ ವೆಜ್ ಎಷ್ಟು ಜನ, ನಾನ್‌ವೆಜ್ ಎಷ್ಟು ಜನ ಅಂತ ಕೇಳಿ ಬರೆದುಕೊಂಡರು. ಕೂತ ತಕ್ಷಣ ಒಬ್ಬ ಹುಡುಗ ಕೆಂಡ ತುಂಬಿದ ಉದ್ದನೆಯ ತಟ್ಟೆ ತಂದು ಟೇಬಲ್ ನಡುವಿನ ಗುಂಡಿಗೆ ಇಳಿಸಿದ. ಅದರ ಮೇಲೆ ಕಡ್ಡಿಗೆ ಪೋಣಿಸಿದ ಚಿಕನ್, ಮೀನು, ಸೀಗಡಿ. ಚಿನ್ನಿ ಕಡೆ ಪನೀರ್, ಅಣಬೆ, ಖಾರ ಹಚ್ಚಿದ ಅನಾನಸ್. ಪಕ್ಕದಲ್ಲಿ ಒಂದು ಬಟ್ಟಲು ಮಸಾಲೆ ಎಣ್ಣೆ, ಸವರುವುದಕ್ಕೆ ಬ್ರಷ್ಷು. ಚಿನ್ನಿ ಬ್ರಷ್ ಹಿಡಿದು ಶುರು ಮಾಡಿಯೇಬಿಟ್ಟಳು.

ಅಪ್ಪ ಕಡ್ಡಿ ಮುಟ್ಟಲಿಲ್ಲ. ಬಗ್ಗಿ ಕೆಂಡ ನೋಡುತ್ತಿದ್ದರು. ಆಮೇಲೆ ಹುಡುಗನನ್ನು ಕರೆದು, "ಇದು ಚಿಪ್ಪಿನ ಇದ್ದಿಲು ಅಲ್ವೇನಪ್ಪಾ?" ಅಂದರು. ಅವನಿಗೆ ಅರ್ಥ ಆಗಲಿಲ್ಲ. ಮೂಟೆಯಲ್ಲಿ ಬರುತ್ತೆ ಸರ್, ಅಷ್ಟೇ ಗೊತ್ತು ಅಂದ. "ಸೌದೆ ಇದ್ದಿಲಾದ್ರೆ ಚಿಟಪಟ ಅಂತ ಕಿಡಿ ಹಾರ್ತಿತ್ತು. ನೋಡು, ಒಂದು ಕಿಡಿ ಇಲ್ಲ. ಇದು ನಮ್ಮ ಕಡೆ ತೆಂಗಿನ ಚಿಪ್ಪೇ" ಅಂದರು ಅಪ್ಪ. ಅವರ ಮುಖ ಅಷ್ಟು ಅರಳಿದ್ದನ್ನು ನೋಡಿ ಎಷ್ಟು ದಿನ ಆಗಿತ್ತೋ.

ನಮ್ಮ ಅಟ್ಟದ ಕಾಯಿ ನೆನಪಿರುವವರಿಗೆ ಇದು ಗೊತ್ತು. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಬಿದ್ದು ನೀರು ಇಂಗಿದ ಕಾಯಿಯನ್ನು ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗುಡುಗುಡು ಅನ್ನುತ್ತದೆ. ಸುಲಿದು, ಒಡೆದು, ಉಂಡೆ ಕೊಬ್ಬರಿ ತಿಪಟೂರಿಗೆ ಹೋಗುತ್ತಿತ್ತು. ಹಿತ್ತಲಲ್ಲಿ ರಾಶಿ ಬೀಳುವ ಚಿಪ್ಪನ್ನು ಇದ್ದಿಲು ಸುಡುವವರು ಬಂದು ಒಯ್ಯುತ್ತಿದ್ದರು. ಗುಂಡಿಯಲ್ಲಿ ಸ್ವಲ್ಪ ಹಾಕಿ ಬೆಂಕಿ ಹಚ್ಚುವುದು, ಅದು ಹತ್ತಿಕೊಂಡ ಮೇಲೆ ಇನ್ನಷ್ಟು, ಹೀಗೆ ತುಂಬುತ್ತಾ ಹೋಗಿ ಕೊನೆಗೆ ಗಾಳಿ ಆಡದ ಹಾಗೆ ಮೇಲೆ ಮುಚ್ಚಿ ಮಣ್ಣು ಎಳೆಯುವುದು. ಮೂರು ಕೆಜಿ ಚಿಪ್ಪಿಗೆ ಒಂದು ಕೆಜಿ ಇದ್ದಿಲು ಬಂದರೆ ಹೆಚ್ಚು. ಸುಡುವ ದಿನ ಅಮ್ಮ ಹೊರಗೆ ಬಟ್ಟೆ ಒಣಗಿ ಹಾಕುತ್ತಿರಲಿಲ್ಲ. ಇದನ್ನೆಲ್ಲ ಅಪ್ಪ ಆ ಹುಡುಗನಿಗೆ ಹೇಳಿದರು. ಮನೆಯ ನೀರಿನ ಫಿಲ್ಟರ್ ಒಳಗೆ ಇರುವುದೂ ಇದೇ ಚಿಪ್ಪಿನ ಇದ್ದಿಲು, ಅದಕ್ಕೆ ಬೇರೆ ಹದ ಮಾಡುತ್ತಾರೆ ಅಂತ ನಮ್ಮ ಯಜಮಾನರು ಚಿನ್ನಿಗೆ ಹೇಳಿದರು. ಚಿನ್ನಿ ಅನಾನಸ್ ತಿರುಗಿಸುವುದರಲ್ಲೇ ಇದ್ದಳು.

ಅಷ್ಟು ಹೊತ್ತಿಗೆ ಪಕ್ಕದ ಟೇಬಲ್‌ಗೂ ನಮ್ಮ ಟೇಬಲ್‌ಗೂ ಸೇರಿಸಿ ಹಾಡು ಹೇಳಿದರು, ತಟ್ಟೆ ಬಡಿದರು. ಅಲ್ಲೂ ಬರ್ತ್‌ಡೇ. ಚಿನ್ನಿ ನಾಚಿಕೊಂಡು ಕೆಂಪಾಗಿಬಿಟ್ಟಳು. ಫೋಟೋ ಚೆನ್ನಾಗಿ ಬಂದಿದೆ.

ಈಗ ಬಾವುಟದ ವಿಷಯ. ಇಂಥ ಕಡೆ ಟೇಬಲ್ ಮೇಲೆ ಒಂದು ಪುಟ್ಟ ಬಾವುಟ ಇಟ್ಟಿರುತ್ತಾರೆ. ಅದು ನಿಂತಿರುವವರೆಗೂ ತಂದು ಹಾಕುತ್ತಲೇ ಇರುತ್ತಾರೆ. ಸಾಕು ಅನ್ನಿಸಿದಾಗ ಇಳಿಸಬೇಕು. ಇವರು ಅಪ್ಪನಿಗೆ ಹೇಳಿಕೊಟ್ಟರು. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬಾಯಲ್ಲಿ ಸಾಕು ಅನ್ನೋ ಹಂಗಿಲ್ವಾ?" ಅಂತ ಕೇಳಿದರು.

ಅಪ್ಪ ಊರಲ್ಲಿ ಬೀಗರ ಊಟಕ್ಕೆ ಬಡಿಸುವವರು. ಯಾರ ಮನೆಯದ್ದೇ ಆಗಲಿ, ತುಂಡಿನ ಬಕೆಟ್ ಅಪ್ಪನ ಕೈಗೇ ಕೊಡುತ್ತಿದ್ದರು. ಸಾರು ಯಾರು ಬೇಕಾದರೂ ಬಿಡಬಹುದು, ತುಂಡು ಹಾಕುವುದಕ್ಕೆ ಮಾತ್ರ ಅಪ್ಪನೇ ಬೇಕು. ಮೊದಲ ಪಂಕ್ತಿಗೂ ಕೊನೆ ಪಂಕ್ತಿಗೂ ಸಮ ಬರಬೇಕು, ಯಾರಿಗೂ ಬರೀ ಮೂಳೆ ಹೋಗಬಾರದು. ಇವತ್ತು ಅದೇ ಮಾತು ಬಂತು.

"ಅಮ್ಮಣ್ಣಿ, ಬಡಿಸೋನು ಕೈ ನೋಡಬಾರ್ದು ಕಣವ್ವ. ಕೈ ಎಲ್ರೂ ಅಡ್ಡ ಇಡ್ತಾರೆ. ಬ್ಯಾಡ ಬ್ಯಾಡ ಅಂತಾರೆ. ಮುಖ ನೋಡಬೇಕು. ಕಣ್ಣು ಬಕೆಟ್ ಒಳಗೆ ಇದ್ರೆ ಒಂದು ತುಂಡು ಹಾಕು. ಎಲೆ ಕಡೆ ಇದ್ರೆ ಮುಂದಕ್ಕೆ ಹೋಗು."

"ಇಲ್ಲಿ ಬಾವುಟ ನೋಡ್ತಾರೆ ಅಪ್ಪ."

"ಹೂಂ. ಬಾವುಟ ಅಂದ್ರೆ ಕೈ ಇದ್ದಂಗೆ. ಮುಖ ಯಾರು ನೋಡ್ತಾರೆ?"

ಆಗ ನಾನು ನಕ್ಕೆ. ಆ ಹುಡುಗನೂ ನಕ್ಕ. ಪಾಪ, ಅವನು ಅಪ್ಪನ ತಟ್ಟೆಗೆ ಎಲ್ಲರಿಗಿಂತ ಮೊದಲು ತಂದು ಹಾಕುತ್ತಿದ್ದ.

ನಾನು ಎಣಿಸುತ್ತಿದ್ದೆ. ಇದನ್ನು ಬರೆಯುವುದಕ್ಕೇ ಕೂತಿದ್ದು. ಶನಿವಾರದ ರಿಪೋರ್ಟ್‌ನಲ್ಲಿ ಅಪ್ಪನ ಕ್ರಿಯಾಟಿನಿನ್ 1.8 ಬಂದಿದೆ. ಅದು ಹೆಚ್ಚಾದರೆ ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ. ಮಾಂಸ ಕಡಿಮೆ ಮಾಡಿ, ಉಪ್ಪು ಕಡಿಮೆ ಮಾಡಿ, ನೋವಿಗೆ ಅಂತ ಅಂಗಡಿಯಲ್ಲಿ ಮಾತ್ರೆ ತಗೊಂಡು ನುಂಗಬೇಡಿ ಅಂತ ಡಾಕ್ಟರ್ ಮೂರು ಸಲ ಹೇಳಿದರು. ಪೂರ್ತಿ ಬಿಡಿ ಅನ್ನಲಿಲ್ಲ. ಕಡಿಮೆ ಅಂದರು. ಕಡಿಮೆ ಅಂದರೆ ಎಷ್ಟು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಾಗಾಗಿ ನಾನೇ ಒಂದು ಲೆಕ್ಕ ಹಾಕಿಕೊಂಡು ಹೋಗಿದ್ದೆ. ಮೀನು ಎರಡು ಆಯಿತು. ಚಿಕನ್ ಎರಡು ಆಯಿತು. ಮಟನ್ ಸೀಖ್ ಒಂದು ಸುತ್ತು ಬಂತು, ಅಪ್ಪ ಎರಡು ತುಂಡು ತಿಂದರು. ನಿಧಾನಕ್ಕೆ, ನಿಂಬೆಹಣ್ಣು ಹಿಂಡಿಕೊಂಡು. "ಇದು ಚೆನ್ನಾಗಿದೆ" ಅಂದರು. ಬಂದಾಗಿಂದ ಒಂದು ತಿಂಡಿಗೂ ಚೆನ್ನಾಗಿದೆ ಅಂದಿರಲಿಲ್ಲ. ನನ್ನ ಮನೆಯ ಉಪ್ಪಿಲ್ಲದ ಸಾರಿಗೆ ಹೇಗೆ ಅಂತಾರೆ.

ಆ ಹುಡುಗ ಎರಡನೇ ಸಲ ಸೀಖ್ ಹಿಡಿದುಕೊಂಡು ನಮ್ಮ ಸಾಲಿಗೆ ತಿರುಗಿದ. ಅಪ್ಪ ಅವನನ್ನು ನೋಡಿ ತಟ್ಟೆ ಸ್ವಲ್ಪ ಮುಂದಕ್ಕೆ ಸರಿಸಿದರು. ನಾನು ಬಾವುಟ ಇಳಿಸಿಬಿಟ್ಟೆ.

ಅವನು ಬಾವುಟ ನೋಡಿ ಮುಂದಿನ ಟೇಬಲ್‌ಗೆ ಹೋದ.

ಅಪ್ಪ ಏನೂ ಅನ್ನಲಿಲ್ಲ. ಮುಂದಕ್ಕೆ ಸರಿಸಿದ ತಟ್ಟೆಯ ಅಂಚನ್ನು ಹೆಬ್ಬೆರಳಲ್ಲಿ ಒರೆಸಿದರು, ಅಲ್ಲಿ ಏನೋ ಅಂಟಿಕೊಂಡಿದೆ ಅನ್ನುವ ಹಾಗೆ. ಏನೂ ಇರಲಿಲ್ಲ. ಆಮೇಲೆ ನನ್ನ ಕಡೆ ನೋಡಿ, "ಚಿನ್ನಿಗೆ ಸಾಕಾಯ್ತಾ ಕೇಳು" ಅಂದರು. ಅಷ್ಟೇ.

ಚಿನ್ನಿಗೆ ಸಾಕಾಗಿರಲಿಲ್ಲ. ಇವರು ಬಾವುಟ ಮತ್ತೆ ಏರಿಸಿದರು. ಹುಡುಗ ಮತ್ತೆ ಬಂದ. ಆದರೆ ಅಪ್ಪ ಎರಡೂ ಕೈ ತಟ್ಟೆ ಮೇಲೆ ಅಡ್ಡ ಇಟ್ಟು, ಬೇಡಪ್ಪ ಅಂದರು. ಅವರ ಕಣ್ಣು ಎಲ್ಲಿತ್ತು ಅಂತ ನಾನು ನೋಡಲಿಲ್ಲ. ನನ್ನ ಫೋನ್ ನೋಡುತ್ತಿದ್ದೆ. ಸುಮ್ನೆ, ಏನೂ ಇಲ್ಲದ ಫೋನು.

ಬಿರಿಯಾನಿ ತಿನ್ನಲಿಲ್ಲ. ಮೊಸರನ್ನ ಹಾಕಿಸಿಕೊಂಡರು. ಕುಲ್ಫಿಯನ್ನು ಚಿನ್ನಿಗೆ ಕೊಟ್ಟರು.

ನಾನು ಮಾಡಿದ್ದು ತಪ್ಪು ಅಂತ ಈಗಲೂ ಅನ್ನಿಸುತ್ತಿಲ್ಲ. ಇನ್ನೆರಡು ತುಂಡು ತಿಂದು ನಾಳೆ ಕಾಲು ಊದಿಕೊಂಡಿದ್ದರೆ ನಾನೇ ಅಲ್ವಾ ಓಡಾಡಬೇಕಿದ್ದು. ಅದೂ ಅಲ್ಲ, ಓಡಾಡುವುದಕ್ಕೆ ನನಗೆ ಬೇಜಾರಿಲ್ಲ. ಅಪ್ಪ ಇನ್ನೂ ತುಂಬಾ ವರ್ಷ ಇರಬೇಕು ನನಗೆ. ಆದರೆ ಹೇಳಬಹುದಿತ್ತು. ಅಪ್ಪಾ, ಇನ್ನೊಂದು ತಗೋ, ಆಮೇಲೆ ನಿಲ್ಲಿಸೋಣ ಅಂತ ಬಾಯಲ್ಲಿ ಹೇಳಬಹುದಿತ್ತು. ನಾನು ಚಿಕ್ಕವಳಿದ್ದಾಗ ಹೊಸತೊಡಕಿನ ದಿನ ಈಲಿ ತುಂಡನ್ನು ಕೆಂಡದಲ್ಲಿ ಸುಟ್ಟು ಮೊದಲು ನನಗೇ ಕೊಡುತ್ತಿದ್ದರು. ಊದಿ ಊದಿ ಕೊಡುತ್ತಿದ್ದರು. ಸಾಕಾ ಅಂತ ಕೇಳುತ್ತಿದ್ದರು, ಪ್ರತಿ ತುಂಡಿಗೂ.

ಬರುವಾಗ ಬಿ.ಎಚ್. ರೋಡ್‌ನಲ್ಲಿ ಟ್ರಾಫಿಕ್ಕು. ಕಾರಿನಲ್ಲಿ ಅಪ್ಪ ಕೊಬ್ಬರಿ ರೇಟಿನ ಬಗ್ಗೆ ಇವರ ಜೊತೆ ಮಾತಾಡಿದರು. ಕಳೆದ ವರ್ಷ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000, ಈ ವರ್ಷ ಮಾರ್ಕೆಟ್‌ನಲ್ಲಿ ಅದರ ಎರಡರಷ್ಟು ದಾಟಿತು, ಆದರೆ ಮರದಲ್ಲಿ ಕಾಯಿ ಎಲ್ಲಿದೆ ಅಂತ. ದನಿ ಎಂದಿನ ಹಾಗೇ ಇತ್ತು.

ರಾತ್ರಿ ಅಮ್ಮನಿಗೆ ಫೋನ್ ಮಾಡಿದ್ದು ಅಡುಗೆಮನೆಗೆ ಕೇಳಿಸುತ್ತಿತ್ತು. ನಾನು ಅವರೆಕಾಯಿ ಸುಲಿಯುತ್ತಿದ್ದೆ. ಕೆಂಡದ ವಿಷಯವೇ ಐದು ನಿಮಿಷ ಹೇಳಿದರು. ಕಿಡಿ ಹಾರಲಿಲ್ಲ ಕಣೇ, ಅಪ್ಪಟ ಚಿಪ್ಪು ಅಂತ. ಅಮ್ಮ ಏನೋ ಕೇಳಿರಬೇಕು. "ಹೂಂ, ತಿಂದೆ ತಿಂದೆ. ಸಾಕಾಗೋಷ್ಟು ತಿಂದೆ" ಅಂದರು. ನಾನು ಹಣುಕಿ ನೋಡಿದೆ. ಆ ಕಡೆ ತಿರುಗಿ ಕೂತಿದ್ದರು, ಬೆನ್ನು ಮಾತ್ರ ಕಾಣಿಸುತ್ತಿತ್ತು.

ಬೆಳಗ್ಗೆ ತುರುವೇಕೆರೆ ಬಸ್ಸಿಗೆ ಹೊರಡುತ್ತಾರಂತೆ. ಬ್ಯಾಗ್ ಆಗಲೇ ಕಟ್ಟಿಟ್ಟಿದ್ದಾರೆ. ನಾಳೆ ಸೋಮವಾರ, ಅಪ್ಪ ಸೋಮವಾರ ಮಾಂಸ ಮುಟ್ಟುವುದಿಲ್ಲ. ಮಂಗಳವಾರ ಸಂಜೆವರೆಗೆ ಇರು ಅಂದರೆ ಇರುತ್ತಾರಾ? ಕಾಲು ಕೆಜಿ ತಂದು, ಉಪ್ಪು ನೋಡಿ ಹಾಕಿ, ಗ್ಯಾಸ್ ಮೇಲಾದರೂ ಸುಟ್ಟು ಕೊಡಬಹುದು. ಯಾಕೆ ಇರಬೇಕು ಅಂತ ಕೇಳುತ್ತಾರೆ. ಹಸು ಇದೆ, ಅಮ್ಮ ಒಬ್ಬಳೇ ಅಂತಾರೆ. ಆಗ ನಾನು ಏನಂತ