ಶಟ್‌ಡೌನ್ ಮಾಡಿದರೂ ಖಾಲಿಯಾಗದ ಮೆಮೊರಿ

ನಮ್ಮ ಮನೆಯ ಕಂಪ್ಯೂಟರಿನಲ್ಲಿರುವುದು 8 ಜಿಬಿ ರ‍್ಯಾಮ್. ಎರಡು ತಿಂಗಳಿಂದ ಅದರಲ್ಲಿ ಬ್ರೌಸರ್ ಇದ್ದಕ್ಕಿದ್ದಂತೆ ಮುಚ್ಚಿಕೊಳ್ಳುತ್ತಿತ್ತು. ದೊಡ್ಡ ಸ್ಪ್ರೆಡ್‌ಶೀಟ್ ತೆರೆದರೆ ಮೆಮೊರಿ ಸಾಲದೆಂಬ ಸಂದೇಶ ಬರುತ್ತಿತ್ತು. ಇಂಥದ್ದಕ್ಕೆಲ್ಲ ಬ್ರೌಸರನ್ನು ದೂರುವುದು ರೂಢಿಯಾದ್ದರಿಂದ ನಾನೂ ಎಕ್ಸ್‌ಟೆನ್ಶನ್‌ಗಳನ್ನೆಲ್ಲ ಕಿತ್ತುಹಾಕಿ ಒಂದು ವಾರ ಕಳೆದೆ.

ದಾರಿ ತೋರಿಸಿದ್ದು ಬರೀ ಕೂಡುವ ಲೆಕ್ಕ. ಟಾಸ್ಕ್ ಮ್ಯಾನೇಜರಿನಲ್ಲಿ ಕಾಣುವ ಎಲ್ಲ ಪ್ರೋಗ್ರಾಮುಗಳ ಮೆಮೊರಿಯನ್ನು ಕೂಡಿದರೆ 3 ಜಿಬಿಯೂ ಆಗುತ್ತಿರಲಿಲ್ಲ, ಆದರೆ ಒಟ್ಟು ಬಳಕೆ 7.1 ಜಿಬಿ ಎಂದಿತ್ತು. ತಾಳೆಯಾಗದ ಆ ಮೊತ್ತದ ಬಹುಪಾಲು ಪರ್ಫಾರ್ಮೆನ್ಸ್ ಪುಟದ ಕೆಳಗೆ, ‘ನಾನ್-ಪೇಜ್ಡ್ ಪೂಲ್’ ಎಂಬಲ್ಲಿ, ಅಂದರೆ ವಿಂಡೋಸಿನ ತಿರುಳಾದ ಕರ್ನೆಲ್ಲಿನ ಮೆಮೊರಿಯಲ್ಲಿ, ಕುಳಿತಿತ್ತು: 3.6 ಜಿಬಿ. ಮನೆಯ ಕಂಪ್ಯೂಟರುಗಳಲ್ಲಿ ಇದು ಸಾಮಾನ್ಯವಾಗಿ ಕೆಲವು ನೂರು ಎಂಬಿ ದಾಟುವುದಿಲ್ಲ.

ಸಾಧಾರಣ ಪ್ರೋಗ್ರಾಮು ತಾನು ಪಡೆದ ಮೆಮೊರಿಯನ್ನು ಹಿಂದಿರುಗಿಸದೆ ಸೋರಿಸಿದರೂ, ಅದನ್ನು ಮುಚ್ಚಿದೊಡನೆ ವಿಂಡೋಸ್ ಎಲ್ಲವನ್ನೂ ವಸೂಲು ಮಾಡಿಕೊಳ್ಳುತ್ತದೆ. ಡ್ರೈವರ್ (ಕಂಪ್ಯೂಟರಿಗೆ ಜೋಡಿಸಿದ ಸಾಧನವನ್ನು ನಡೆಸುವ ತಂತ್ರಾಂಶ) ಕರ್ನೆಲ್ಲಿನ ಪೂಲಿನಿಂದ ಪಡೆದು ಮರೆತದ್ದನ್ನು ಹಾಗೆ ವಸೂಲು ಮಾಡುವವರಿಲ್ಲ, ಮತ್ತು ನಾನ್-ಪೇಜ್ಡ್ ಭಾಗವನ್ನು ಡಿಸ್ಕಿಗೆ ಸರಿಸಲೂ ಬರುವುದಿಲ್ಲ. ಅಂಗಡಿಯವರ ಸಲಹೆಯಂತೆ 16 ಜಿಬಿ ಹಾಕಿಸಿದ್ದರೆ ಕ್ರ್ಯಾಶು ಕೆಲವು ದಿನ ಮುಂದೆ ಹೋಗುತ್ತಿತ್ತು, ಅಷ್ಟೆ.

ನನ್ನನ್ನು ನಿಜವಾಗಿ ಕಾಡಿದ ಪ್ರಶ್ನೆ ಬೇರೆ. ಪ್ರತಿ ರಾತ್ರಿ ಶಟ್‌ಡೌನ್ ಮಾಡುತ್ತಿದ್ದರೂ ಬೆಳಿಗ್ಗೆ ಅದೇ ಅಂಕಿ ಹೇಗೆ ಎದುರಾಗುತ್ತಿತ್ತು? 2012ರಲ್ಲಿ ವಿಂಡೋಸ್ 8ರೊಂದಿಗೆ ಬಂದ ‘ಫಾಸ್ಟ್ ಸ್ಟಾರ್ಟಪ್’ ಶಟ್‌ಡೌನ್ ವೇಳೆ ಕರ್ನೆಲ್ಲಿನ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಮರುದಿನ ಅದನ್ನೇ ಮರಳಿ ತುಂಬುತ್ತದೆ. ಸೋರಿಕೆಯೂ ಜೊತೆಗೇ ಎದ್ದು ಬರುತ್ತದೆ. ಕರ್ನೆಲ್ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಒತ್ತಿದಾಗ. ಹೆಸರು ನೋಡಿದರೆ ಇದು ತಿರುಗುಮುರುಗಾಗಿರಬೇಕಿತ್ತು.

ಅಪರಾಧಿಯನ್ನು ಹಿಡಿಯಲು ವಿಂಡೋಸ್ ಡ್ರೈವರ್ ಕಿಟ್‌ನಲ್ಲಿ ಬರುವ, ಪೂಲಿನ ಬಳಕೆಯನ್ನು ತೋರಿಸುವ ಪೂಲ್‌ಮಾನ್ ಬಳಸಿದೆ. ‘ಪಿ’ ಒತ್ತಿ ನಾನ್-ಪೇಜ್ಡ್ ಸಾಲುಗಳನ್ನಷ್ಟೇ ಉಳಿಸಿಕೊಂಡು, ‘ಬಿ’ ಒತ್ತಿ ಬೈಟುಗಳ ಪ್ರಕಾರ ಜೋಡಿಸಿದಾಗ, ಮೆಮೊರಿ ಪಡೆದವರ ಗುರುತಾದ ನಾಲ್ಕಕ್ಷರದ ಒಂದು ಟ್ಯಾಗು ತುದಿಯಲ್ಲಿ ನಿಂತಿತು. ಪಡೆದದ್ದಕ್ಕೂ ಬಿಟ್ಟದ್ದಕ್ಕೂ ಇರುವ ವ್ಯತ್ಯಾಸ, ವಿಡಿಯೊ ಡೌನ್‌ಲೋಡ್ ಆಗುತ್ತಿದ್ದಷ್ಟು ಹೊತ್ತೂ ಕಣ್ಣೆದುರೇ ಏರುತ್ತಿತ್ತು. ಡ್ರೈವರುಗಳ ಫೋಲ್ಡರಿನಲ್ಲಿ ಫೈಂಡ್‌ಸ್ಟ್ರ್ ಕಮಾಂಡಿನಿಂದ ಆ ಟ್ಯಾಗನ್ನು ಹುಡುಕಿದರೆ ಸಿಕ್ಕಿದ್ದು ಒಂದೇ ಫೈಲು. ಅದು ಯುಎಸ್‌ಬಿಗೆ ಸಿಕ್ಕಿಸಿದ್ದ ವೈಫೈ ಡಾಂಗಲ್ಲಿನದು.

ಹೊಸ ಡ್ರೈವರ್ ಹಾಕಿ ಹತ್ತು ದಿನವಾಯಿತು, ಅಂಕಿ 210 ಎಂಬಿಯ ಆಸುಪಾಸಿನಲ್ಲಿದೆ. ಫಾಸ್ಟ್ ಸ್ಟಾರ್ಟಪ್ಪನ್ನೂ ಆಫ್ ಮಾಡಿದ್ದೇನೆ. ಕಂಪ್ಯೂಟರ್ ಶುರುವಾಗುವುದು ನಿಧಾನವಾಯಿತೆಂದು ಮಗಳು ದಿನಾ ಗೊಣಗುತ್ತಾಳೆ.