ಎಂಬತ್ತೇಳು ಕಿಲೋಮೀಟರು, ವಿಮಾನ ಇಲ್ಲ

2023ರ ಜನವರಿ. ಬೆಂಗಳೂರಿಗೆ ಹೊರಟ ಅಕ್ಕನನ್ನು ಕಲಬುರಗಿ ಏರ್‌ಪೋರ್ಟಿಗೆ ಬಿಟ್ಟು, ಅವಳ ಮಗನನ್ನು ಕರಕೊಂಡು ನಾನು ಬೀದರಿಗೆ ತೊಟ್ಟಿಲ ಕಾರ್ಯಕ್ಕೆ ಹೋಗಬೇಕಿತ್ತು. ವಿಮಾನ ಏರೋದು ನೋಡದೆ ಹುಡುಗ ಕಾರು ಹತ್ತಲಿಲ್ಲ. ಅದು ಕಣ್ಣಿಗೆ ಕಾಣದಷ್ಟು ಸಣ್ಣದಾದ ಮೇಲೆ ಕೇಳಿದ: "ಮಾಮಾ, ಇಲ್ಲಿಂದ ಬೀದರ್ ಏರ್‌ಪೋರ್ಟಿಗೆ ವಿಮಾನದಾಗ ಹೋದ್ರ ಎಷ್ಟೊತ್ತು ಆಗ್ತದ?"

"ವಿಮಾನನೇ ಇಲ್ಲಪಾ."

"ಇದ್ರ?"

ಏರ್‌ಪೋರ್ಟ್ ಇರೋದು ಸೇಡಂ ರೋಡಿನ ಶ್ರೀನಿವಾಸ ಸರಡಗಿಯಲ್ಲಿ, ಊರಿನ ಪೂರ್ವಕ್ಕೆ. ಬೀದರ್ ಈಶಾನ್ಯಕ್ಕೆ. ಆದರೂ ನಾವು ಪಶ್ಚಿಮಕ್ಕೆ ತಿರುಗಿ, ವಾಪಸ್ ಊರ ಕಡೆ ಬಂದು, ಹುಮನಾಬಾದ್ ರೋಡ್ ಹಿಡೀಬೇಕು. ಮೊದಲ ಅರ್ಧ ತಾಸು ಬೀದರಿನಿಂದ ದೂರ ಹೋಗೋದರಲ್ಲೇ ಕಳೀತು.

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿಗೆ ನಿಂತೆವು. ಹೆಚ್ಚು ಹಣ್ಣಾಗಿ ಸಿಪ್ಪೆ ಕಪ್ಪಿಟ್ಟಿದ್ದನ್ನೇ ಆರಿಸಿಕೊಳ್ಳಬೇಕು, ರುಚಿ ಅದರಲ್ಲೇ. ಹುಡುಗ ಹಣ್ಣು ಸುತ್ತಿಕೊಟ್ಟ ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕತೊಡಗಿದ. ಕಲಬುರಗಿ ಏರ್‌ಪೋರ್ಟ್ ಅಕ್ಷಾಂಶ 17.3, ಬೀದರ್ ಏರ್‌ಪೋರ್ಟ್ 17.9. ಒಂದು ಡಿಗ್ರಿಗೆ 111 ಕಿಲೋಮೀಟರ್ ಅಂದರೆ ಉತ್ತರಕ್ಕೆ 67. ರೇಖಾಂಶದಲ್ಲಿ ಅರ್ಧ ಡಿಗ್ರಿ ಚಿಲ್ಲರೆ, ಪೂರ್ವಕ್ಕೆ 56. ಪೈಥಾಗೊರಸ್ ಹಚ್ಚಿದ: 87.

"ತಾಸಿಗೆ 800 ಕಿಲೋಮೀಟರ್ ಹೋದ್ರ ಏಳು ನಿಮಿಷ ಸುದ್ದಾ ಬ್ಯಾಡ ಮಾಮಾ!"

ಮೊಬೈಲಿನಲ್ಲಿ ದೂರ ಹೇಳೋ ಲೆಕ್ಕಯಂತ್ರಗಳು ಇದಕ್ಕೇ ಏರೋಕೆ ಇಳಿಯೋಕೆ ಅಂತ ಇನ್ನರ್ಧ ತಾಸು ಸೇರಿಸಿಬಿಡ್ತವೆ. ಸರಿಯೇ ಅದು. 87 ಕಿಲೋಮೀಟರಿನಲ್ಲಿ ವಿಮಾನ ಪೂರಾ ವೇಗ ಹಿಡಿಯೋದರೊಳಗೆ ಇಳಿಯೋಕೆ ಶುರುಮಾಡಬೇಕು.

ಎರಡೂ ಕಡೆ ವಿಮಾನ ಶುರುವಾಗಿದ್ದು ಮೂರು ತಿಂಗಳೊಳಗೆ: ಕಲಬುರಗಿ 2019ರ ನವೆಂಬರ್ 22, ಬೀದರ್ 2020ರ ಫೆಬ್ರವರಿ 7. ಎರಡೂ ಮೊದಲು ನೋಡಿದ್ದು ಬೆಂಗಳೂರಿನ ಮುಖವನ್ನೇ. ಕಲಬುರಗಿಯಿಂದ ಅಲ್ಲಿಗೆ ಆಕಾಶದಲ್ಲಿ ಸುಮಾರು 460 ಕಿಲೋಮೀಟರ್, ಅಲ್ಲಿಂದ ಬೀದರಿಗೆ ಸುಮಾರು 520. ಹಟ ಹಿಡಿದು ಹಾರಿಯೇ ಹೋಗ್ತೀನಿ ಅಂದರೆ ಪಕ್ಕದ ಜಿಲ್ಲೆಗೆ ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್!

ಪಕ್ಕದ ಜಿಲ್ಲೆ ಅಂತೀವಿ, ನೇರ ರೈಲು ಬಂದದ್ದೂ 2017ರ ಅಕ್ಟೋಬರಿನಲ್ಲಿ. ಮರಗುತ್ತಿ ಹತ್ತಿರ ಗುಡ್ಡ ಕೊರೆದು ಸುರಂಗ ಮಾಡೋವರೆಗೆ ಆ ಹಳಿ ಎಷ್ಟೋ ವರ್ಷ ಕಾಯ್ತು.

ಹುಮನಾಬಾದಿನಲ್ಲಿ ಚಹಾ ಕುಡೀತಿದ್ದಾಗ ಅಕ್ಕನ ಫೋನು. "ನಾ ಮುಟ್ಟೀನಿ, ನೀವು ಎಲ್ಲಿದೀರಿ?" ಹುಮನಾಬಾದ್ ಅಂದೆ. "ಇನ್ನಾ ಅಲ್ಲೇ?" ಅಂತ ನಕ್ಕಳು. ಆಗ ನಮಗಿನ್ನೂ ಐವತ್ತು ಕಿಲೋಮೀಟರ್ ಬಾಕಿ.

ಮುಂದೆ ಕಪ್ಪು ಎರೆಮಣ್ಣು ಸರಿದು ಬೀದರಿನ ಕೆಂಪು ನೆಲ ಬಂತು. ಊರು ಮುಟ್ಟಿದ ಮೇಲೂ ಹುಡುಗನ ಹಟಕ್ಕೆ ಏರ್‌ಪೋರ್ಟ್ ತನಕ ಹೋದೆವು. ಅದು ವಾಯುಪಡೆಯ ನೆಲೆ, ರನ್‌ವೇ ಅವರದ್ದು. ಪೈಲಟ್‌ಗಳು ಹಾಕ್ ವಿಮಾನದಲ್ಲಿ ತರಬೇತಿ ಪಡೆಯೋ ಜಾಗ, ಆಕಾಶದಲ್ಲಿ ಕಸರತ್ತು ತೋರಿಸೋ ವಾಯುಪಡೆಯ ಸೂರ್ಯಕಿರಣ ತಂಡದ ಮನೆಯೂ ಇದೇ. ಫೋಟೋ ತೆಗೆಯೋಕೆ ಮೊಬೈಲ್ ಎತ್ತಬೇಡ ಅಂತ ಅವನಿಗೆ ಮೊದಲೇ ಗದರಿದ್ದೆ. ಗಾಡಿಯ ಮೀಟರ್ ನೋಡಿದರೆ ಬೆಳಗ್ಗೆಯಿಂದ ನೂರಿಪ್ಪತ್ತೈದರ ಮೇಲಾಗಿತ್ತು. ಬಾಳೆಹಣ್ಣು ಚಹಾ ಸೇರಿ ಮೂರೂವರೆ ತಾಸು.

ತಲೆ ಮೇಲೆ ಒಂದು ಜೆಟ್ ಕಿವಿ ಗುಂಯ್ ಅನ್ನೋ ಹಾಗೆ ಹೋಯ್ತು. ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ಅದು ತಿರುಗೋದನ್ನೇ ನೋಡ್ತಿದ್ದ.

"ಮಾಮಾ, ಕಲಬುರಗಿ ಕಡೀನೇ ಹೊಂಟದ!"