ಎಳೀಬೇಡ, ಒತ್ತು

ಮಧ್ಯಾಹ್ನವೆಲ್ಲ ಸಣ್ಣಗೆ ಮಳೆ ಹನಿಯುತ್ತಲೇ ಇತ್ತು. ರಾತ್ರಿ ಮೈನಸ್ 9 ಡಿಗ್ರಿಗೆ ಇಳಿಯುತ್ತದೆ ಎಂದು ಹವಾಮಾನ ವರದಿ ಹೇಳಿತ್ತು. ಬಯಲಲ್ಲಿ ನಿಲ್ಲುವ ಕಾರಿಗೆ ಚಳಿಗಾಲದಲ್ಲಿ ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಒಣ ಹಿಮ ಮೊಣಕಾಲುದ್ದ ಬಿದ್ದರೂ ಬ್ರಷ್ಷಿನಲ್ಲಿ ಗುಡಿಸಿ ಹಾಕಬಹುದು. ಮಳೆನೀರು ಬಾಗಿಲಿನ ಸಂದಿಗೆ ಇಳಿದು ಅಂಚಿನ ರಬ್ಬರ್ ಪಟ್ಟಿಯ, ಅಂದರೆ ಬೀಡಿಂಗ್‌ನ ಮೇಲೆ ತೆಳ್ಳಗೆ ಹರಡಿ ಕೂರುತ್ತದೆ. ಮುಚ್ಚಿದ ಬಾಗಿಲಿನಲ್ಲಿ ಆ ಬೀಡಿಂಗ್ ತಗಡಿಗೆ ಒತ್ತಿಕೊಂಡೇ ಇರುತ್ತದಲ್ಲ, ಸೊನ್ನೆ ದಾಟಿ ಕೆಳಗಿಳಿದರೆ ನಡುವಿನ ನೀರು ಗಟ್ಟಿಯಾಗಿ ಎರಡನ್ನೂ ಕಚ್ಚಿ ಹಿಡಿಯುತ್ತದೆ.

ಅಕ್ಕ ಆಸ್ಪತ್ರೆಯಲ್ಲಿ ನರ್ಸ್. ಮಾರನೆಯ ದಿನ ಅವಳಿಗೆ ಬೆಳಗಿನ ಪಾಳಿ, ಇನ್ನೂ ಕತ್ತಲಿರುವಾಗಲೇ ಹೊರಡಬೇಕು. ರಾತ್ರಿಯಿಡೀ ವಾರ್ಡಿನಲ್ಲಿ ನಿಂತವರು ಇವಳು ಬಂದ ಮೇಲೇ ಮನೆಗೆ ಹೋಗುವುದು. ಹಾಗಾಗಿ ಬಾಗಿಲು ತೆರೆಯದೇ ಹೋದರೆ ಕಾಯುವವಳು ಅಕ್ಕ ಒಬ್ಬಳೇ ಅಲ್ಲ. ಸಂಜೆ ಮಳೆ ನಿಂತದ್ದೇ ಹಳೆಯ ಹತ್ತಿಬಟ್ಟೆಗಳನ್ನು ಹಿಡಿದು ಇಬ್ಬರೂ ಕೆಳಗಿಳಿದೆವು.

ಮೊದಲು ಒರೆಸುವುದು. ಬೀಡಿಂಗ್‌ನ ಮೇಲ್ಮೈ ಒಣಗಿದಂತೆ ಕಂಡರೂ ಮಡಿಕೆಯ ಒಳಗೆ ನೀರು ಉಳಿದಿರುತ್ತದೆ. ಬೆರಳಿಗೆ ಬಟ್ಟೆ ಸುತ್ತಿ ಆ ಮಡಿಕೆಯನ್ನು ಬಿಡಿಸಿ ಒರೆಸಬೇಕು. ಬೀಡಿಂಗ್ ತಾಗುವ ತಗಡಿನ ಅಂಚನ್ನೂ ಒರೆಸಬೇಕು, ಏಕೆಂದರೆ ಅಂಟುವುದು ಎರಡೂ ಕಡೆ. ಅಕ್ಕ ಹೊಸಿಲ ಪಟ್ಟಿಯ ಹತ್ತಿರ ಮಂಡಿಯೂರಿ ಕೂತು ಕೆಳಗಿನ ಬೀಡಿಂಗ್ ನೋಡಿಕೊಂಡಳು, ನಾನು ಮೇಲಿನದು. ಬಾಗಿಲಿನ ತಳದಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಕಿಟಕಿ ಗಾಜಿನ ಮೇಲೆ ಬಿದ್ದ ಮಳೆ ಬಾಗಿಲಿನ ಹೊಟ್ಟೆಯೊಳಗೆ ಇಳಿದು ಹೊರಗೆ ಬರುವುದು ಆ ದಾರಿಯಲ್ಲೇ. ಒಂದು ತೂತಿನಲ್ಲಿ ಎಲೆಯ ಚೂರೂ ಮಣ್ಣೂ ಸೇರಿ ಬೆಣೆ ಬಡಿದಿತ್ತು. ಕಡ್ಡಿಯಿಂದ ತಿವಿದಾಗ ಕಪ್ಪು ನೀರು ಸುರಿಯಿತು. ಅಷ್ಟು ನೀರು ಬಾಗಿಲೊಳಗೆ ಹೆಪ್ಪುಗಟ್ಟಿದ್ದರೆ! ನೀರು ಮಂಜುಗಡ್ಡೆಯಾಗುವಾಗ ಗಾತ್ರ ಸುಮಾರು 9% ಹಿಗ್ಗುತ್ತದೆ, ಆ ಒತ್ತಡ ಒಳಗಿನ ಯಾವುದರ ಮೇಲೂ ಬೀಳಬಹುದು.

ಒರೆಸಿದ ಮೇಲೆ ಬೀಡಿಂಗ್‌ಗೆ ಸಿಲಿಕೋನ್ ಸ್ಪ್ರೇ ಸವರುವುದು. ಅಡುಗೆ ಎಣ್ಣೆ ಸವರಿದರೂ ನಡೆಯುತ್ತದೆ ಎನ್ನುವವರಿದ್ದಾರೆ, ಆದರೆ ಅದು ದೂಳು ಹಿಡಿದು ಜಿಗುಟಾಗುತ್ತದೆ. ತುಕ್ಕು ಬಿಡಿಸುವ ಪೆಟ್ರೋಲಿಯಂ ಎಣ್ಣೆಗಳನ್ನಂತೂ ರಬ್ಬರಿನ ಹತ್ತಿರ ತರಲೇಬಾರದು ಎನ್ನುವುದು ನನ್ನ ಗಟ್ಟಿ ನಿಲುವು. ಇಂದಿನ ಕಾರುಗಳ ಬೀಡಿಂಗ್ ಹೆಚ್ಚಾಗಿ ಇಪಿಡಿಎಂ ಎಂಬ ರಬ್ಬರಿನದು. ಬಿಸಿಲು, ಮಳೆ, ಚಳಿ ಎಲ್ಲವನ್ನೂ ತಾಳಿಕೊಳ್ಳುವ ಆ ರಬ್ಬರು ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ಸಿಲಿಕೋನ್ ಅದಕ್ಕೆ ತೊಂದರೆ ಕೊಡುವುದಿಲ್ಲ, ನೀರನ್ನೂ ನಿಲ್ಲಗೊಡುವುದಿಲ್ಲ. ಅಂಟುವ ನೀರೇ ಇಲ್ಲದಿದ್ದರೆ ಮಂಜುಗಡ್ಡೆಗೆ ಹಿಡಿತ ಎಲ್ಲಿಂದ ಬರಬೇಕು? ನೇರವಾಗಿ ಬಾಗಿಲಿಗೆ ಸ್ಪ್ರೇ ಹೊಡೆಯದೆ ಬಟ್ಟೆಗೆ ಹೊಡೆದುಕೊಂಡು ಸವರಿದೆವು. ಸಿಲಿಕೋನ್ ಮುಂದಿನ ಗಾಜಿಗೆ ಹಾರಿದರೆ ವೈಪರ್ ಎಳೆದಾಗ ಮಬ್ಬಾಗುತ್ತದೆ, ಪೆಡಲ್ ಮೇಲೆ ಬಿದ್ದರೆ ಕಾಲು ಜಾರುತ್ತದೆ. ಕಿಟಕಿ ಗಾಜು ಜಾರುವ ತೋಡಿನೊಳಗಿನ ಪಟ್ಟಿಗೂ ತೆಳ್ಳಗೆ ಸವರಿ, ಗಾಜನ್ನು ಮೇಲೆ ಕೆಳಗೆ ಆಡಿಸಿದೆವು. ಡಿಕ್ಕಿ ಮತ್ತು ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ಜನ ಮರೆಯುತ್ತಾರೆ, ಅವೂ ಅಂಟುತ್ತವೆ.

ಕೊನೆಗೆ ಅಕ್ಕ ಒದ್ದೆ ಮ್ಯಾಟುಗಳನ್ನು ಮೇಲೆ ಒಯ್ದಳು. ಹಿಮ ಮೆತ್ತಿದ ಬೂಟಿನಿಂದ ಇಳಿದ ನೀರು ಹೀಟರ್ ಬಿಸಿಗೆ ಆವಿಯಾಗಿ, ರಾತ್ರಿ ತಣ್ಣನೆಯ ಗಾಜಿಗೂ ಬಾಗಿಲ ಅಂಚಿಗೂ ಒಳಗಿನಿಂದಲೇ ಹನಿಗಟ್ಟುತ್ತದೆ. ಬೀಗ ಹಾಕುವ ಮುಂಚೆ ನಾಲ್ಕೂ ಬಾಗಿಲು ತೆರೆದಿಟ್ಟು ಒಳಗಿನ ಬೆಚ್ಚನೆಯ ತೇವದ ಗಾಳಿಯನ್ನು ಹೊರಗೆ ಬಿಟ್ಟೆವು.

ಬೆಳಿಗ್ಗೆ ಕಾರಿನ ಮೇಲೆಲ್ಲ ಮಂಜುಗಡ್ಡೆಯ ಪದರ. ಅಕ್ಕ ಹ್ಯಾಂಡಲ್ ಎತ್ತಿದಳು. ಚಟ್ ಎಂದು ಸಣ್ಣ ಸದ್ದು, ಬಾಗಿಲು ತೆರೆಯಿತು. ಆ ಸದ್ದಿಗೆ ನನಗಾದ ಸಂತೋಷ ಹೇಳತೀರದು.

ಆಚೆ ಬದಿಯಲ್ಲಿ ಮೇಲಿನ ಮನೆಯ ಹುಡುಗ ತನ್ನ ಕಾರಿನ ಬಾಗಿಲನ್ನು ಎರಡೂ ಕೈಯಲ್ಲಿ ಜಗ್ಗುತ್ತಿದ್ದ. ಕಾಲ ಬಳಿ ಹೊಗೆಯಾಡುವ ಬಿಸಿನೀರಿನ ಕೆಟಲ್.

"ಏ, ಎಳೀಬೇಡಪ್ಪಾ, ಒತ್ತು!" ಎಂದು ಅಕ್ಕ ಕೂಗಿದಳು.

"ಒತ್ತೋದಾ? ತೆಗೀಬೇಕಲ್ಲಾ ಅಕ್ಕಾ?"

"ಒತ್ತಿದ್ರೇನೇ ಬಿಡೋದು. ಎಳೆದ್ರೆ ಹ್ಯಾಂಡಲ್ ಕೈಗೆ ಬರುತ್ತೆ, ಇಲ್ಲಾ ರಬ್ಬರ್ ಕಿತ್ತು ಬರುತ್ತೆ. ಆ ನೀರನ್ನ ಮಾತ್ರ ಗಾಜಿಗೆ ಹುಯ್ಯಬೇಡ."

ಕೊರೆಯುವ ಗಾಜಿಗೆ ಬಿಸಿನೀರು ಬಿದ್ದರೆ ಒಂದು ಭಾಗ ಹಿಗ್ಗಿ ಪಕ್ಕದ ಭಾಗ ಹಾಗೇ ಉಳಿಯುತ್ತದೆ, ಗಾಜು ಸೀಳುವುದು ಅದರಿಂದಲೇ. ಸೀಳದಿದ್ದರೂ ಆ ನೀರು ಸಂದಿಗಿಳಿದು ಮತ್ತೆ ಗಡ್ಡೆಯಾಗುತ್ತದೆ. ಮಂಜುಗಡ್ಡೆ ಗಟ್ಟಿಯೇನೋ ಹೌದು, ಬಾಗುವ ಗುಣ ಅದಕ್ಕಿಲ್ಲ. ಬೀಡಿಂಗ್ ಒಳಕ್ಕೆ ಅದುಮಿದಾಗ ರಬ್ಬರು ಮಣಿಯುತ್ತದೆ, ಗಡ್ಡೆ ಬಿರಿಯುತ್ತದೆ. ಹುಡುಗನೂ ನಾನೂ ಅಂಗೈಗಳಿಂದ ಬಾಗಿಲಿನ ಅಂಚಿನುದ್ದಕ್ಕೂ ಅದುಮುತ್ತ ಹೋದೆವು. ಚಾಲಕನ ಕಡೆಯದು ಮಿಸುಕಲಿಲ್ಲ. ಗೋಡೆಯ ಮಗ್ಗುಲಿನ ಹಿಂಬಾಗಿಲಿಗೆ ಮಳೆ ಅಷ್ಟು ಹೊಡೆದಿರಲಿಲ್ಲ, ಅದು ಬಿಟ್ಟಿತು. ಅವನು ಒಳಗೆ ತೂರಿ ಮುಂದಕ್ಕೆ ಹೋಗಿ, ಎಂಜಿನ್ ಚಾಲೂ ಮಾಡಿ ಹೀಟರ್ ಹಾಕಿದ. ಮರುಕ್ಷಣವೇ ಕಿಟಕಿಯ ಗುಂಡಿಗೆ ಕೈ ಹೋಯಿತು. ಒಳಗೆ ಮೋಟಾರ್ ಗುರ್ ಎಂದಿತು, ಗಾಜು ಅಲ್ಲಾಡಲಿಲ್ಲ.

"ಬಿಡು, ಬಿಡು ಅದನ್ನ" ಎಂದಳು ಅಕ್ಕ. ಅಂಟಿದ ಗಾಜನ್ನು ಮೋಟಾರಿನಿಂದ ಎಳೆಸಿದರೆ ಫ್ಯೂಸ್ ಹೋದರೆ ಪುಣ್ಯ. ಗಾಜನ್ನು ಹಿಡಿದ ಪ್ಲಾಸ್ಟಿಕ್ ಕ್ಲಿಪ್ ಮುರಿದರೆ ಬಾಗಿಲಿನ ಒಳಹೊದಿಕೆಯನ್ನೇ ಬಿಚ್ಚಬೇಕು. ಒಳಗೆ ಬೆಚ್ಚಗಾಗುತ್ತ ಬಂದಂತೆ ಗಾಜಿನಂಚಿನ ಪದರ ತಾನಾಗಿ ಸಡಿಲವಾಯಿತು, ಚಾಲಕನ ಬಾಗಿಲೂ ಒಳಗಿನಿಂದ ಭುಜ ಕೊಟ್ಟಾಗ ತೆರೆದುಕೊಂಡಿತು. ಅಷ್ಟರಲ್ಲಿ ಅಕ್ಕ ಹೊರಟುಹೋಗಿದ್ದಳು, ಪಾಳಿಯ ಹೊತ್ತಿಗೆ ಸರಿಯಾಗಿ.

ಸಂಜೆ ಹುಡುಗ ತಾನೇ ಬಟ್ಟೆ ಹಿಡಿದು ಬಂದ. ತೆರೆದ ಬಾಗಿಲನ್ನು ಪೂರ್ತಿ ಒಣಗಿಸದೆ ಮುಚ್ಚಿದರೆ ಅಂದಿನ ರಾತ್ರಿಯೂ ಅದೇ ಕಥೆ, ಏಕೆಂದರೆ ಕರಗಿದ ಗಡ್ಡೆಯೆಲ್ಲ ಈಗ ಬೀಡಿಂಗ್ ಮಡಿಕೆಯಲ್ಲಿ ನೀರಾಗಿ ಕೂತಿತ್ತು. ಅವನ ಕಾರು ಹಳೆಯದು, ಕೀಲಿ ತಿರುಗಿಸಿ ತೆಗೆಯುವ ಬೀಗ. ಅದಕ್ಕೆಂದು ಬೀಗದ ಗಡ್ಡೆ ಕರಗಿಸುವ ಆಲ್ಕೋಹಾಲ್ ಡಬ್ಬಿಯೊಂದನ್ನು ಕೊಂಡು ತಂದಿದ್ದ. ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್ ಹೆಪ್ಪುಗಟ್ಟಲು ಮೈನಸ್ 89 ಡಿಗ್ರಿ ಬೇಕು, ಹಾಗಾಗಿ ಆ ಚಳಿಗೆ ಡಬ್ಬಿ ಧಾರಾಳ ಸಾಕು. ಒರೆಸಿ ಮುಗಿಸಿ ಅದನ್ನು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಡಲು ಹೊರಟವನ ಕೈಯಿಂದ ತೆಗೆದುಕೊಂಡು ಅಕ್ಕ ಅವನ ಕೋಟಿನ ಜೇಬಿಗೆ ಹಾಕಿದಳು. ಬಾಗಿಲು ತೆಗೆಯುವ ಔಷಧಿ ಬಾಗಿಲಿನ ಹೊರಗೇ ಇರಬೇಕಲ್ಲ.